ಚಾರ್ಜ್ ನಿಲ್ಲದ ಟಾರ್ಚಿಗೆ ಸರಿಯಾದ ಬ್ಯಾಟರಿ ಹುಡುಕುವುದು ಹೇಗೆ?

ಆಟಿಯ ಮಳೆಗೆ ಕರೆಂಟ್ ಹೋಗಿದೆ. ಟಾರ್ಚು ಹಿಡಿದು ಹಟ್ಟಿಗೆ ಹೊರಟರೆ ಅಂಗಳ ದಾಟುವಷ್ಟರಲ್ಲಿ ಬೆಳಕು ಮಂಕು. ಮರುದಿನ ಆ ಟಾರ್ಚು ಗುಜರಿಗೆ. ನಮ್ಮ ಮಂಗಳೂರು, ಉಡುಪಿ ಕಡೆ ಪ್ರತಿ ಮಳೆಗಾಲವೂ ಇದೇ ಕತೆ. ಹೆಚ್ಚಿನ ಟಾರ್ಚುಗಳಲ್ಲಿ ಎಲ್‌ಇಡಿಗೂ ಸ್ವಿಚ್ಚಿಗೂ ಏನೂ ಆಗಿರುವುದಿಲ್ಲ, ಸತ್ತಿರುವುದು ಬ್ಯಾಟರಿ ಮಾತ್ರ. ಅದನ್ನು ಬದಲಿಸಬಹುದು. ಆದರೆ ತಪ್ಪು ಬ್ಯಾಟರಿ ಕೂರಿಸಿ, ಅದು ಊದಿ, ಟಾರ್ಚಿನ ಪ್ಲಾಸ್ಟಿಕ್ಕೇ ಕರಗಿದ್ದನ್ನು ನೆರೆಮನೆಯಲ್ಲಿ ಕಣ್ಣಾರೆ ಕಂಡಿದ್ದೇನೆ.

ಮೊದಲು ಪ್ಲಗ್ಗಿನಿಂದ ತೆಗೆದು, ಸ್ಕ್ರೂ ಬಿಚ್ಚಿ. ಗೋಡೆಯ ಸಾಕೆಟ್ಟಿಗೆ ನೇರವಾಗಿ ಚುಚ್ಚುವ ಎರಡು ಪಿನ್ನಿನ ಅಗ್ಗದ ಟಾರ್ಚುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಚಾರ್ಜಿಗೆ ಇಟ್ಟಾಗ ಬ್ಯಾಟರಿಯ ತಂತಿಯಲ್ಲೂ 230 ವೋಲ್ಟಿನ ಶಾಕ್ ಹೊಡೆಯಬಹುದು. ಆದ್ದರಿಂದ ಬಿಚ್ಚಿಟ್ಟ ಟಾರ್ಚನ್ನು ಪರೀಕ್ಷೆಗೆಂದೂ ಪ್ಲಗ್ಗಿಗೆ ಹಾಕಬೇಡಿ.

ಇನ್ನು ಎಲ್ಲರೂ ಎಡವುವ ಜಾಗ: ಒಳಗಿರುವುದು ಯಾವ ಜಾತಿಯ ಬ್ಯಾಟರಿ? ಇಟ್ಟಿಗೆಯಂತೆ ಚೌಕಾಕಾರ, ಗಾತ್ರಕ್ಕೆ ಮೀರಿದ ಭಾರ, ಮೇಲೆ 4 ವೋಲ್ಟ್ ಎಂಬ ಅಚ್ಚು ಇದ್ದರೆ ಅದು ಸೀಸದ ಬ್ಯಾಟರಿ. ಉದ್ದ ಕೊಳವೆಯಂತಿದ್ದು 3.7 ವೋಲ್ಟ್ ಎಂದಿದ್ದರೆ ಲಿಥಿಯಂ. ಅದರ ಮೇಲಿನ 18650 ಎಂಬ ಸಂಖ್ಯೆ ಅಳತೆಯೇ: ದಪ್ಪ 18 ಮಿಲಿಮೀಟರ್, ಉದ್ದ 65. ಮೂರು ಪುಟ್ಟ ಸೆಲ್ಲುಗಳನ್ನು ಒಟ್ಟಿಗೆ ಸುತ್ತಿ 3.6 ವೋಲ್ಟ್ ಎಂದು ಬರೆದಿದ್ದರೆ ನಿಕಲ್ ಜಾತಿಯದ್ದು, ತಲಾ 1.2 ವೋಲ್ಟಿನದು. 3.6, 3.7, 4 ಹತ್ತಿರ ಹತ್ತಿರವೇ ಇವೆಯಲ್ಲ ಎಂದು ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕುವುದೇ ಅನಾಹುತದ ಮೂಲ. ಲಿಥಿಯಂ ಸೆಲ್ಲಿಗೆ 4.2 ವೋಲ್ಟ್ ತಲುಪುತ್ತಲೇ ಚಾರ್ಜ್ ನಿಲ್ಲಬೇಕು. ಸೀಸದ ಬ್ಯಾಟರಿಯ ಅಗ್ಗದ ಟಾರ್ಚಿನಲ್ಲಿ ನಿಲ್ಲಿಸುವ ವ್ಯವಸ್ಥೆಯೇ ಇರುವುದಿಲ್ಲ, ರಾತ್ರಿಯಿಡೀ ತುಂಬುತ್ತಲೇ ಇರುತ್ತದೆ. ಅಲ್ಲಿ ಲಿಥಿಯಂ ಕೂರಿಸಿದರೆ ಊದುತ್ತದೆ, ಬೆಂಕಿಯೂ ಹತ್ತಬಹುದು. ಸೀಸಕ್ಕೆ ಸೀಸ, ಲಿಥಿಯಂಗೆ ಲಿಥಿಯಂ. ಇದರಲ್ಲಿ ರಾಜಿ ಬೇಡ.

ಜಾತಿ ತಿಳಿದ ಮೇಲೆ ತಂತಿ. ಕೆಂಪು ಪ್ಲಸ್, ಕಪ್ಪು ಮೈನಸ್ ಎಂಬ ನಂಬಿಕೆಯಲ್ಲಿ ಪುಟ್ಟ ಬಿಳಿ ಕನೆಕ್ಟರನ್ನು ಚುಚ್ಚಿಬಿಡಬೇಡಿ. ಅದು ಸರಿಯಾಗಿ ಕೂತರೂ ಒಳಗೆ ತಂತಿಗಳು ಅದಲುಬದಲಾಗಿರಬಹುದು. ಹಳೆಯದನ್ನು ಬಿಚ್ಚುವ ಮೊದಲೇ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ, ಹೊಸದರ ಪ್ಲಸ್, ಮೈನಸ್ ಯಾವುದೆಂದು ಮಲ್ಟಿಮೀಟರಿನಲ್ಲಿ (ವೋಲ್ಟ್ ಅಳೆಯುವ ಪುಟ್ಟ ಉಪಕರಣ) ನೋಡಿ ಆಮೇಲೆ ಜೋಡಿಸಿ. ಮೀಟರ್ ಇಲ್ಲದಿದ್ದರೆ ಅಂಗಡಿಯಲ್ಲೇ ನೋಡಿಸಿ.

ಖರೀದಿಗೆ ಹಳೆಯ ಬ್ಯಾಟರಿಯನ್ನೇ ಕೈಯಲ್ಲಿ ಹಿಡಿದು ಹೋಗಿ. ಮಂಗಳೂರಿನ ಹಂಪನಕಟ್ಟೆ ಸುತ್ತಮುತ್ತ, ಉಡುಪಿ ಪೇಟೆಯಲ್ಲಿ ಬಿಡಿಭಾಗದ ಅಂಗಡಿಗಳುಂಟು. ನಾನು ಆನ್‌ಲೈನಿಗಿಂತ ಅಂಗಡಿಯನ್ನೇ ಮೆಚ್ಚುತ್ತೇನೆ, ಪಕ್ಕಪಕ್ಕ ಇಟ್ಟು ಉದ್ದ, ಅಗಲ, ಎತ್ತರ ಹೋಲಿಸಬಹುದು. 18650 ಲಿಥಿಯಂ ಸೆಲ್ಲಿನ ಮೇಲೆ 9900 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬುದರ ಅಳತೆ) ಎಂದಿದ್ದರೆ ಅಲ್ಲೇ ಬಿಟ್ಟು ಬನ್ನಿ, ಅದು ಶುದ್ಧ ಸುಳ್ಳು. ಈ ಗಾತ್ರದಲ್ಲಿ ಸಾಮಾನ್ಯವಾಗಿ ಸಿಗುವ ಒಳ್ಳೆಯ ಸೆಲ್ಲುಗಳು 2000ದಿಂದ 3500ರ ಒಳಗಿನವು, ತೂಕ ಸುಮಾರು 45 ಗ್ರಾಂ. ಕೈಗೆ ತೀರಾ ಹಗುರವಾದರೆ ಬೇಡ. ಅತಿಯಾಗಿ ಚಾರ್ಜ್ ಆಗದಂತೆ ತಡೆಯುವ ರಕ್ಷಣಾ ಬೋರ್ಡ್ ಇರುವ ಸೆಲ್ಲು ನಾಲ್ಕೈದು ಮಿಲಿಮೀಟರ್ ಉದ್ದ ಹೆಚ್ಚಿರುತ್ತದೆ, ಬಿಗಿ ಕೊಳವೆಯ ಟಾರ್ಚಿಗೆ ಹಿಡಿಸುವುದಿಲ್ಲ. ಸೀಸದ್ದು ಕೊಳ್ಳುವಾಗ ಮೀಟರಿನಲ್ಲಿ 4 ವೋಲ್ಟಿಗಿಂತ ಕಡಿಮೆ ತೋರಿಸಿದರೆ ಬೇರೆಯದು ಕೇಳಿ. ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂತು ಅದರ ಜೀವ ಹೋಗಿರುತ್ತದೆ.

ಲಿಥಿಯಂ ಸೆಲ್ಲಿನ ಮೈಗೆ ನೇರ ಬೆಸುಗೆ ಹಾಕಬಾರದು, ಶಾಖಕ್ಕೆ ಒಳಗೆ ಕೆಡುತ್ತದೆ. ನಿಕಲ್ ಪಟ್ಟಿ ಅಂಟಿಸಿದ್ದನ್ನೇ ಕೇಳಿ ತನ್ನಿ, ತಂತಿಯನ್ನು ಆ ಪಟ್ಟಿಯ ತುದಿಗೆ ಬೆಸೆಯಿರಿ. ಒಂದೊಂದೇ ತಂತಿ ಜೋಡಿಸಿ ಟೇಪ್ ಸುತ್ತಿ, ಮುಚ್ಚಳ ಹಾಕಿ.

ಮೊದಲ ಚಾರ್ಜು ಹಗಲಲ್ಲೇ ಆಗಲಿ, ನೀವು ಹತ್ತಿರವೇ ಇರಿ. ಟಾರ್ಚು ಕೈಗೆ ಬಿಸಿ ಹತ್ತಿದರೆ ತಕ್ಷಣ ಸಾಕೆಟ್ಟಿನ ಸ್ವಿಚ್ಚು ಆರಿಸಿ, ಪ್ಲಗ್ಗು ಕೀಳಿ. ಹಳೆಯ ಸೀಸದ ಬ್ಯಾಟರಿಯನ್ನು ವಾಹನದ ಬ್ಯಾಟರಿ ಅಂಗಡಿಗೆ ಕೊಡಿ. ಲಿಥಿಯಂ ಸೆಲ್ಲನ್ನು ಒಣಕಸಕ್ಕೆ ಹಾಕದೆ, ಎರಡು ತುದಿಗೂ ಟೇಪ್ ಅಂಟಿಸಿ ಇ-ತ್ಯಾಜ್ಯ ಪಡೆಯುವವರಿಗೆ ಒಪ್ಪಿಸಿ.