ಹೊಸ ವಿಲ್ಯಾನ್ ಪಕ್ಕದ ಸ್ವಿಚ್‌ಗೆ ಬರ್ತಿಲ್ವಾ? ಹೀಗೆ ನೋಡಿ

ಮುಖ್ಯ ಸ್ವಿಚ್‌ನಲ್ಲಿ ಹೊಸ ವಿಲ್ಯಾನ್ (VLAN, ಅಂದರೆ ಒಂದೇ ನೆಟ್‌ವರ್ಕ್ ಒಳಗೆ ಬೇರೆಯಾಗಿ ವಿಂಗಡಿಸಿದ ಭಾಗ) ಮಾಡಿದ್ದೀರಿ, ಮೂರನೇ ಮಹಡಿಯ ಸ್ವಿಚ್‌ನಲ್ಲಿ ಅದರ ಸುಳಿವೇ ಇಲ್ಲ. ಸಿಸ್ಕೊ ಸ್ವಿಚ್‌ಗಳಲ್ಲಿ ವಿಲ್ಯಾನ್‌ಗಳ ಪಟ್ಟಿಯನ್ನು ಒಂದರಿಂದ ಇನ್ನೊಂದಕ್ಕೆ ಹಂಚುವುದು ವಿಟಿಪಿ (VTP) ಅನ್ನೋ ಪ್ರೊಟೊಕಾಲ್ ಕೆಲಸ. ಸುಮ್ನೆ ರೀಬೂಟ್ ಮಾಡಬೇಡಿ. ಮೊದಲು ನಡುವಿನ ಲಿಂಕ್ ನೋಡಿ, ಯಾಕೆಂದರೆ ವಿಟಿಪಿ ಓಡುವುದು ಟ್ರಂಕ್ (ಹಲವು ವಿಲ್ಯಾನ್‌ಗಳನ್ನು ಒಟ್ಟಿಗೆ ಸಾಗಿಸುವ ಲಿಂಕ್) ಮೇಲೆ ಮಾತ್ರ. ‘ಶೋ ಇಂಟರ್‌ಫೇಸಸ್ ಟ್ರಂಕ್’ ಕೊಟ್ಟಾಗ ಆ ಪೋರ್ಟ್ ಕಾಣದಿದ್ದರೆ ಎರಡೂ ಕಡೆ ‘ಸ್ವಿಚ್‌ಪೋರ್ಟ್ ಮೋಡ್ ಟ್ರಂಕ್’ ಹಾಕಿ.

ಟ್ರಂಕ್ ಸರಿಯಿದೆಯಾ? ಎರಡೂ ಸ್ವಿಚ್‌ಗಳ ‘ಶೋ ವಿಟಿಪಿ ಸ್ಟೇಟಸ್’ ಅಕ್ಕಪಕ್ಕ ಇಟ್ಟುಕೊಂಡು ಓದಿ. ಡೊಮೈನ್ (ಪಟ್ಟಿ ಹಂಚಿಕೊಳ್ಳುವ ಸ್ವಿಚ್‌ಗಳ ಗುಂಪು) ಹೆಸರಲ್ಲಿ ಒಂದು ಕಡೆ ದೊಡ್ಡಕ್ಷರ, ಇನ್ನೊಂದು ಕಡೆ ಚಿಕ್ಕಕ್ಷರ ಇದ್ದರೂ ಅವು ಬೇರೆ ಬೇರೆ ಡೊಮೈನ್ ಅಂತಲೇ ಲೆಕ್ಕ. ಟ್ರಾನ್ಸ್‌ಪರೆಂಟ್ ಮೋಡ್‌ನಲ್ಲಿರುವ ಸ್ವಿಚ್ ಬಂದ ಪಟ್ಟಿಯನ್ನು ತಾನು ಇಟ್ಟುಕೊಳ್ಳುವುದಿಲ್ಲ. ಇವೆಲ್ಲ ಸರಿಯಿದ್ದರೆ ‘ಶೋ ವಿಟಿಪಿ ಪಾಸ್‌ವರ್ಡ್’ ಕೊಡಿ, ಎರಡೂ ಕಡೆ ಒಂದೇ ಪಾಸ್‌ವರ್ಡ್ ಇರಬೇಕು. ಪೇಸ್ಟ್ ಮಾಡುವಾಗ ಕೊನೆಯಲ್ಲಿ ಅಂಟಿಕೊಂಡ ಒಂದೇ ಒಂದು ಸ್ಪೇಸ್ ಸಾಕು, ಇಡೀ ಮಧ್ಯಾಹ್ನ ಹಾಳು. ವಿಲ್ಯಾನ್ ನಂಬರ್ 1005 ದಾಟಿದ್ದರೆ ವಿಟಿಪಿಯ 1, 2ನೇ ಆವೃತ್ತಿಗಳು ಅದನ್ನು ಹಂಚುವುದೇ ಇಲ್ಲ, 3ನೇ ಆವೃತ್ತಿ ಬೇಕು.

ಇನ್ನು ಎಲ್ಲಕ್ಕಿಂತ ಜಾಸ್ತಿ ಹೆದರಬೇಕಾದ್ದು ರಿವಿಷನ್ ನಂಬರ್‌ಗೆ. ವಿಲ್ಯಾನ್ ಪಟ್ಟಿ ಬದಲಾದಾಗಲೆಲ್ಲ ಇದು ಒಂದೊಂದೇ ಏರುತ್ತದೆ, ಯಾರ ನಂಬರ್ ದೊಡ್ಡದೋ ಅವರ ಪಟ್ಟಿಯೇ ಗೆಲ್ಲುತ್ತದೆ. ಬೆಂಗಳೂರಲ್ಲಿ ಎಸ್.ಪಿ. ರೋಡ್‌ನಿಂದ ಸೆಕೆಂಡ್ ಹ್ಯಾಂಡ್ ಸ್ವಿಚ್ ತಂದು ಲ್ಯಾಬ್‌ನಲ್ಲಿ ಇದೇ ಡೊಮೈನ್, ಇದೇ ಪಾಸ್‌ವರ್ಡ್ ಹಾಕಿ ಆಟವಾಡಿಸಿ, ಆಮೇಲೆ ಅದನ್ನೇ ಆಫೀಸ್ ನೆಟ್‌ವರ್ಕ್‌ಗೆ ಚುಚ್ಚುವವರು ಕಡಿಮೆಯೇನಿಲ್ಲ. ಅದರ ನಂಬರ್ 90, ನಿಮ್ಮ ವಿಟಿಪಿ ಸರ್ವರ್‌ದು (ಪಟ್ಟಿ ಬದಲಿಸಬಹುದಾದ ಮುಖ್ಯ ಸ್ವಿಚ್) 40 ಅಂತಿಟ್ಟುಕೊಳ್ಳಿ. ವಿಟಿಪಿಯ 1, 2ನೇ ಆವೃತ್ತಿಯಾದರೆ ಆ ಸ್ವಿಚ್ ಕ್ಲೈಂಟ್ (ಪಟ್ಟಿಯನ್ನು ಪಡೆಯುವ, ತಾನೇ ಬದಲಿಸಲಾಗದ ಸ್ವಿಚ್) ಆಗಿದ್ದರೂ ಕ್ಷಣದಲ್ಲಿ ಎಲ್ಲ ಕಡೆ ಅದರ ಪಟ್ಟಿ ಕೂತುಬಿಡುತ್ತದೆ, ಅದರಲ್ಲಿಲ್ಲದ ವಿಲ್ಯಾನ್‌ಗಳ ಪೋರ್ಟ್‌ಗಳೆಲ್ಲ ಸತ್ತು ಮಲಗುತ್ತವೆ. ಹಾಗಾಗಿ ಕೇಬಲ್ ಹಾಕುವ ಮುಂಚೆಯೇ ಹೊಸ ಸ್ವಿಚ್ಚನ್ನು ಟ್ರಾನ್ಸ್‌ಪರೆಂಟ್ ಮೋಡ್‌ಗೆ ಹಾಕಿ, ಮತ್ತೆ ಮೊದಲಿನ ಮೋಡ್‌ಗೆ ತನ್ನಿ, ನಂಬರ್ ಸೊನ್ನೆಗೆ ಇಳಿಯುತ್ತದೆ. ಸೆಟ್ಟಿಂಗ್ ಅಳಿಸುವ ‘ರೈಟ್ ಇರೇಸ್’ ಒಂದೇ ಸಾಲದು. ಪಟ್ಟಿಯೂ ನಂಬರ್ರೂ ಫ್ಲ್ಯಾಷ್‌ನ ‘ವಿಲ್ಯಾನ್ ಡಾಟ್ ಡ್ಯಾಟ್’ ಫೈಲ್‌ನಲ್ಲಿ ಹಾಗೇ ಉಳಿದಿರುತ್ತವೆ. ಈಗಾಗಲೇ ಎಡವಟ್ಟಾಗಿದ್ದರೆ ಆ ಸ್ವಿಚ್ಚಿನ ಕೇಬಲ್ ಕಿತ್ತು, ಸರ್ವರ್‌ನಲ್ಲಿ ಮೊದಲಿದ್ದ ವಿಲ್ಯಾನ್‌ಗಳನ್ನು ಅದೇ ವಿಲ್ಯಾನ್ ನಂಬರ್‌ಗಳಲ್ಲಿ ಮತ್ತೆ ಸೇರಿಸಿ. ಪೋರ್ಟ್‌ಗಳ ಸೆಟ್ಟಿಂಗ್ ಅಳಿಸಿರುವುದಿಲ್ಲ, ಅವು ತಾವಾಗಿಯೇ ಎದ್ದು ಬರುತ್ತವೆ.