ರೈಲಿಳಿದು ಹಡಗು ಹತ್ತಿ: ಲಂಡನ್ನಿನಿಂದ ಹಾಲೆಂಡಿಗೆ ಹೊರಟ ಹೊಸಬರಿಗೆ

ಇಂಗ್ಲೆಂಡಿಗೆ ಹೊಸದಾಗಿ ಬಂದವರು ಯೂರೋಪ್ ನೋಡಬೇಕು ಅಂದ ಕೂಡಲೇ ವಿಮಾನದ ಟಿಕೆಟ್ ಹುಡುಕುತ್ತಾರೆ. ಒಮ್ಮೆ ಸಮುದ್ರದ ಮೇಲೆ ಹೋಗಿ ನೋಡಿ. ಊರಿಂದ ಅಪ್ಪ ಅಮ್ಮ ಬಂದಿದ್ದರಂತೂ ರಾತ್ರಿ ಹಡಗೇ ವಾಸಿ. ಅವರು ಕಾಲು ಚಾಚಿ ಮಲಗಬಹುದು, ಬೆಳಗ್ಗೆ ಎದ್ದರೆ ಬೇರೆ ದೇಶ.

ಬಂದರು ಆರಿಸುವಾಗ ನಾನು ನೋಡುವುದು ಒಂದೇ: ರೈಲು ಹಡಗಿನ ಪಕ್ಕದ ತನಕ ಹೋಗುತ್ತದಾ? ಡೋವರ್ ಹೆಸರು ಎಲ್ಲರಿಗೂ ಗೊತ್ತು. ಆದರೆ ಅಲ್ಲಿನ ಬಂದರು ಸ್ಟೇಷನ್ 1994ರಲ್ಲೇ ಮುಚ್ಚಿತು. ಈಗಿರುವ ಡೋವರ್ ಪ್ರಯರಿಯಿಂದ ಹಡಗುಕಟ್ಟೆಗೆ ಎರಡು ಕಿಲೋಮೀಟರಿಗಿಂತ ಜಾಸ್ತಿ. ನಾನು ಮೊದಲ ಸಲ ಅಷ್ಟು ದೂರ ಪೆಟ್ಟಿಗೆ ಎಳೆದುಕೊಂಡು ನಡೆದಿದ್ದೇನೆ. ವಯಸ್ಸಾದವರನ್ನು ಆ ದಾರಿಯಲ್ಲಿ ನಡೆಸಬೇಡಿ.

ಹಾಲೆಂಡಿಗೆ ಹಡಗು ಹೊರಡುವ ಹಾರ್‌ವಿಚ್ ಹಾಗಲ್ಲ. 1883ರಲ್ಲಿ ರೈಲ್ವೆ ಕಂಪನಿಯೇ ಕಟ್ಟಿಸಿದ ಬಂದರು ಅದು. ಪ್ಲಾಟ್‌ಫಾರ್ಮಿಗೆ ಅಂಟಿಕೊಂಡೇ ಹಡಗಿನ ಕಟ್ಟಡ. ರೈಲು ಹಿಡಿಯಬೇಕಾದ್ದು ಲಿವರ್‌ಪೂಲ್ ಸ್ಟ್ರೀಟ್‌ನಲ್ಲಿ. ಹೆಸರು ನೋಡಿ ಗಾಬರಿ ಬೇಡ, ಅದು ಲಂಡನ್ನಿನ ನಡುವೆಯೇ ಇದೆ. ಸಾಮಾನ್ಯವಾಗಿ ಮ್ಯಾನಿಂಗ್‌ಟ್ರೀಯಲ್ಲಿ ಇಳಿದು ಚಿಕ್ಕ ರೈಲಿಗೆ ಬದಲಾಯಿಸಬೇಕು. ನೀವು ಇಳಿಯಬೇಕಾದ್ದು ಹಾರ್‌ವಿಚ್ ಇಂಟರ್‌ನ್ಯಾಷನಲ್. ಹಾರ್‌ವಿಚ್ ಟೌನ್ ಅಲ್ಲ, ಅದು ಇನ್ನೂ ಮುಂದಿದೆ. ರೈಲು, ಹಡಗು ಎರಡಕ್ಕೂ ಸೇರಿ 'ರೈಲ್ ಅಂಡ್ ಸೇಲ್' ಟಿಕೆಟ್ ಸಿಗುತ್ತದೆ. ಬೇರೆ ಬೇರೆ ಕೊಳ್ಳುವ ಮೊದಲು ಅದರ ದರ ನೋಡಿ.

ರಾತ್ರಿ ಹಡಗು ಹೊರಡುವುದು ಹನ್ನೊಂದರ ಸುಮಾರಿಗೆ. ಆದರೆ ಬಾಗಿಲು ಅದಕ್ಕಿಂತ ಬಹಳ ಮೊದಲೇ ಮುಚ್ಚುತ್ತದೆ. ಹೊಸಬರು ಎಡವುವುದು ಇಲ್ಲೇ. ಸಿಕ್ಕಬಹುದಾದ ಕೊನೆಯ ರೈಲನ್ನು ನಂಬಬೇಡಿ, ಅದಕ್ಕಿಂತ ಒಂದೆರಡು ರೈಲು ಮೊದಲೇ ಹೊರಡಿ. ಬೇಗ ಹೋದರೆ ನಷ್ಟವೇನಿಲ್ಲ, ಹಡಗು ಹತ್ತಿ ಕ್ಯಾಬಿನ್‌ನಲ್ಲಿ ಆರಾಮವಾಗಿ ಕೂರಬಹುದು. ರಾತ್ರಿ ಪ್ರಯಾಣಕ್ಕೆ ಕ್ಯಾಬಿನ್ ಕಡ್ಡಾಯ, ಖರ್ಚಿನ ಲೆಕ್ಕದಲ್ಲಿ ಅದನ್ನೂ ಸೇರಿಸಿಕೊಳ್ಳಿ.

ಇನ್ನು ವೀಸಾ. ಬ್ರಿಟನ್ನಿನ ವೀಸಾ ಇಟ್ಟುಕೊಂಡು ಹಾಲೆಂಡಿಗೆ ಇಳಿಯಲಾಗದು, ಭಾರತದ ಪಾಸ್‌ಪೋರ್ಟಿಗೆ ಶೆಂಗೆನ್ ವೀಸಾ (ಯೂರೋಪಿನ ಹಲವು ದೇಶಗಳಿಗೆ ಸೇರಿ ಇರುವ ಒಂದೇ ವೀಸಾ) ಬೇಕೇ ಬೇಕು. ಇಲ್ಲಿ ಕೆಲಸಕ್ಕಿರುವ ನೀವು ಇಲ್ಲೇ ಅರ್ಜಿ ಹಾಕಬಹುದು. ಆದರೆ ನಿಮ್ಮನ್ನು ನೋಡಲು ಬರುವ ಅಪ್ಪ ಅಮ್ಮನಿಗೆ ಸಾಮಾನ್ಯವಾಗಿ ಇಲ್ಲಿಂದ ಅರ್ಜಿ ಹಾಕಲು ಬಿಡುವುದಿಲ್ಲ. ಅವರು ಊರು ಬಿಡುವ ಮೊದಲೇ ಮಾಡಿಸಿಕೊಂಡು ಬರಬೇಕು. ಇದು ಗೊತ್ತಿಲ್ಲದೆ ಎಷ್ಟೋ ಮನೆಗಳಲ್ಲಿ ಮಕ್ಕಳು ಮಾತ್ರ ಸುತ್ತಿ ಬರುತ್ತಾರೆ, ಹಿರಿಯರು ಮನೆಯಲ್ಲೇ ಉಳಿಯುತ್ತಾರೆ. ನೋಡಿದರೆ ಬೇಜಾರಾಗುತ್ತದೆ. ಪ್ರಯಾಣಕ್ಕೆ ಆರು ತಿಂಗಳು ಇರುವಾಗಲೇ ಅರ್ಜಿ ತೆಗೆದುಕೊಳ್ಳುತ್ತಾರೆ, ಹಾಗಾಗಿ ತಡ ಮಾಡಬೇಡಿ. ನಿಮ್ಮ ಪಾಸ್‌ಪೋರ್ಟ್ ಹೊಸದಾಗಿದ್ದರೆ ಅದರ ನಂಬರನ್ನು ಬ್ರಿಟನ್ನಿನ ಈ-ವೀಸಾ ಖಾತೆಗೆ ಸೇರಿಸಿದ್ದೀರಾ ಅಂತಲೂ ನೋಡಿಕೊಳ್ಳಿ. ವಾಪಸ್ ಬರುವಾಗ ಬೇಕಾಗುತ್ತದೆ.

ಬುತ್ತಿ ಕಟ್ಟಿಕೊಳ್ಳುವವರಿಗೆ ಒಂದು ಮಾತು. 2021ರಿಂದ ಬ್ರಿಟನ್ನಿನಿಂದ ಯೂರೋಪಿಗೆ ಮಾಂಸ, ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಆ ವರ್ಷದ ಜನವರಿಯಲ್ಲಿ, ಈ ಹಡಗು ಹೋಗಿ ನಿಲ್ಲುವ ಹಾಲೆಂಡಿನ ಬಂದರಿನಲ್ಲೇ ಡಚ್ ಅಧಿಕಾರಿಗಳು ಲಾರಿ ಚಾಲಕರ ಸ್ಯಾಂಡ್‌ವಿಚ್‌ಗಳನ್ನೂ ಕಿತ್ತುಕೊಂಡಿದ್ದರು. ಮೊಸರನ್ನವನ್ನು ಹಡಗಿನಲ್ಲೇ ಊಟ ಮಾಡಿ ಮುಗಿಸಿ. ತುಪ್ಪದ ಡಬ್ಬಿ ಮನೆಯಲ್ಲೇ ಇರಲಿ. ಎಣ್ಣೆ ಹಚ್ಚಿದ ಚಪಾತಿ, ಚಟ್ನಿಪುಡಿಗೆ ತೊಂದರೆಯಿಲ್ಲ.

ಹಾಲೆಂಡಿನ ಗಡಿಯಾರ ಒಂದು ಗಂಟೆ ಮುಂದೆ, ಫೋನಿನ ಅಲಾರಂ ಅದಕ್ಕೆ ಸರಿಯಾಗಿ ಇಡಿ. ಹಡಗು ನಿಲ್ಲುವ ಜಾಗದ ಹೆಸರು ಹುಕ್ ಫಾನ್ ಹಾಲಂಡ್. ಹಳೆಯ ಬರಹಗಳಲ್ಲಿ ಇಲ್ಲಿಂದ ದೊಡ್ಡ ರೈಲು ಸಿಗುತ್ತದೆ ಅಂತಿರುತ್ತದೆ. ಅದು 2017ರಲ್ಲಿ ನಿಂತಿತು. 2019ರಿಂದ ಅದೇ ಹಳಿಯ ಮೇಲೆ ರಾಟರ್‌ಡ್ಯಾಮ್ ಮೆಟ್ರೋ ಓಡುತ್ತಿದೆ, ಬಿ ಲೈನ್. ಕಟ್ಟಡದಿಂದ ಹೊರಗೆ ಬಂದರೆ ಎದುರಿಗೇ ಸ್ಟೇಷನ್. ಟಿಕೆಟ್ಟಿಗೆ ಬ್ಯಾಂಕ್ ಕಾರ್ಡ್ ಮುಟ್ಟಿಸಿದರೆ ಸಾಕು, ಒಬ್ಬೊಬ್ಬರಿಗೂ ಬೇರೆ ಕಾರ್ಡ್ ಬೇಕು, ಇಳಿಯುವಾಗಲೂ ಮುಟ್ಟಿಸಬೇಕು. ಆಮ್‌ಸ್ಟರ್‌ಡ್ಯಾಮ್, ಹೇಗ್ ಕಡೆ ಹೋಗುವವರು ಸ್ಕೀಡಾಮ್ ಸೆಂಟ್ರಮ್‌ನಲ್ಲಿ ಇಳಿದು ರೈಲು ಹಿಡಿಯಿರಿ.