ಸಾತವಾಹನರ ಕಾಲದ ಸಂತೆಗೆ ಗಡಿಗೆ ಹೊಂದಿಸಿದ್ದು

ಸನ್ನತಿ, ಕನಗನಹಳ್ಳಿ ಕಡೆ ಸುಮಾರು ಎರಡು ಸಾವಿರ ವರ್ಷದ ಹಿಂದೆ ಸಂತೆ ಹೇಗಿತ್ತು ಅಂತ ಮಕ್ಕಳ ಕೈಲಿ ಆಡಿಸಿ ತೋರಿಸೋಣ ಎಂದು ನಾವು ಕೆಲವು ಗೆಳೆಯರು ಕಲಬುರಗಿಯಲ್ಲಿ ತಯಾರಿಗೆ ಇಳಿದೆವು. ಭೀಮಾ ದಂಡೆ, ಸಾತವಾಹನರ ಆಳ್ವಿಕೆ, ಕಾಳು ಮಾರುವವರು, ಎಣ್ಣೆಯವರು, ಸ್ತೂಪಕ್ಕೆ ಹೊರಟ ಭಿಕ್ಷುಗಳು. ಉಡುಪಿಗೆ ಅಷ್ಟು ತೊಂದರೆ ಆಗಲಿಲ್ಲ. ಅಶೋಕನ ಹೆಸರು ಕೊರೆದ ಶಿಲ್ಪ ಸಿಕ್ಕಿದ್ದು ಇದೇ ಕನಗನಹಳ್ಳಿಯಲ್ಲಿ. ಅಲ್ಲಿನ ಕಲ್ಲುಗಳಲ್ಲಿ ಜನ ಏನು ಉಟ್ಟಿದ್ದರು, ಏನು ತೊಟ್ಟಿದ್ದರು ಎಲ್ಲ ಕಾಣುತ್ತದೆ. ಕಷ್ಟವಾಗಿದ್ದು ಗಡಿಗೆ, ಬಟ್ಟಲು, ಹರವಿಗಳದ್ದು. ಆ ಕಾಲದ ಸಂತೆ ಅಂದರೆ ಅರ್ಧಕ್ಕರ್ಧ ಮಣ್ಣಿನ ಪಾತ್ರೆಯೇ ಅಲ್ವಾ?

ಅಲಂಕಾರದ ಅಂಗಡಿಗಳಲ್ಲಿ 'ಹಳೇ ಕಾಲದ ಮಡಕೆ' ಅಂತ ಸಿಗುವುದು ನಮಗೆ ಬೇಡವಾಗಿತ್ತು. ಅವುಗಳಲ್ಲಿ ಎಷ್ಟೋ ಅಚ್ಚಿನಲ್ಲಿ ಮಾಡಿದವು. ಪಕ್ಕದಲ್ಲಿ ಬೆರಳಾಡಿಸಿದರೆ ಅಚ್ಚಿನ ಎರಡು ಭಾಗ ಕೂಡಿದ ಗೆರೆ ಸಿಗುತ್ತದೆ. ಮೇಲೆ ವಾರ್ನಿಷ್, ಇಲ್ಲವೇ ಆಯಿಲ್ ಪೇಂಟ್. ಸುಮ್ನೆ ಕಂದು ಬಣ್ಣ ಬಳಿದು ಅಲ್ಲಲ್ಲಿ ಒಡೆದರೆ ಹಳೆಯದಾಗುವುದಿಲ್ಲ. ಇನ್ನೊಂದು ಮಾತು. ಆ ಕಾಲದ ಸಂತೆಯಲ್ಲಿ ಗಡಿಗೆ ಹೊಸದೇ ಇತ್ತು! ಹೊಸ ಗಡಿಗೆ ಹೊಸದಾಗಿಯೇ ಕಾಣಬೇಕು. ಆಕಾರ, ಅಂಚು, ಸುಟ್ಟ ರೀತಿ ಇವು ಸರಿ ಇದ್ದರೆ ಸಾಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಆಕಾರಕ್ಕೆ ಎರಡು ದಾರಿ ಹಿಡಿದೆವು. ಒಂದು, ವಸ್ತು ಸಂಗ್ರಹಾಲಯಗಳಲ್ಲಿ ಅನುಮತಿ ಕೇಳಿ ಚಿತ್ರ ಬರೆದುಕೊಳ್ಳುವುದು. ಇನ್ನೊಂದು, ಉತ್ಖನನದ ವರದಿಗಳು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದು ಬರೆದ ವರದಿಯಲ್ಲಿ ಮಡಕೆಗಳ ಚಿತ್ರಗಳು ಪದರದ ಲೆಕ್ಕದಲ್ಲಿ ಇವೆ. ಅಂಥ ಚಿತ್ರ ಓದುವುದು ಕಷ್ಟವಲ್ಲ. ಅರ್ಧ ಭಾಗದಲ್ಲಿ ಮಡಕೆಯನ್ನು ಸೀಳಿದ ಹಾಗೆ ಗೋಡೆಯ ದಪ್ಪ ತೋರಿಸಿರುತ್ತಾರೆ, ಇನ್ನರ್ಧದಲ್ಲಿ ಹೊರಮೈ. ಕೆಳಗಿನ ಅಳತೆ ಪಟ್ಟಿ ನೋಡಿ ನಿಜವಾದ ಗಾತ್ರಕ್ಕೆ ದೊಡ್ಡದು ಮಾಡಿ, ಅಂಚಿನ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿಕೊಂಡೆವು. ಹಸಿ ಮಣ್ಣು ಒಣಗಿ ಸುಡುವಷ್ಟರಲ್ಲಿ ಸುಮಾರು ಹತ್ತರಲ್ಲಿ ಒಂದು ಭಾಗ ಕುಗ್ಗುತ್ತದೆ. ಹಾಗಾಗಿ ರಟ್ಟು ಅಷ್ಟು ದೊಡ್ಡದೇ ಇರಬೇಕು.

ಒಂದು ಎಚ್ಚರಿಕೆ. ಸನ್ನತಿಯ ಹೊಲಗಳಲ್ಲಾಗಲಿ ರಕ್ಷಿತ ಜಾಗದಲ್ಲಾಗಲಿ ಬಿದ್ದ ಬೋಕಿಯನ್ನು ಜೇಬಿಗೆ ಹಾಕಿಕೊಂಡು ಬರಬೇಡಿ. ಅದು ಬಿದ್ದಿದ್ದ ಜಾಗವೇ ಅದರ ಅರ್ಧ ಮಾಹಿತಿ. ಎತ್ತಿದರೆ ಅದು ಹೋಯಿತು.

ರಟ್ಟು ಹಿಡಿದು ಹೋದದ್ದು ಊರಾಚೆ ತಿಗರಿ ಇಟ್ಟುಕೊಂಡಿರುವ ಒಬ್ಬ ಹಿರಿಯ ಕುಂಬಾರರ ಹತ್ತಿರ. ಚಿತ್ರ ನೋಡಿ ಅವರು, "ಇದು ನಮ್ಮ ಗಡಗಿನೇ ಅದ ಸರ. ಅಂಚು ಅಷ್ಟೇ ಒಳಗ ಬಾಗಸ್ಯಾರ" ಅಂದರು. "ಮಾಡಬಹುದಾ ಕಾಕಾ?" ಅಂದೆ. "ಮಣ್ಣು ಅದೇ, ಕೈ ಅದೇ. ಯಾಕಾಗಂಗಿಲ್ಲ?" ನಮಗೆ ಬೇಕಾದ ಎಷ್ಟೋ ಆಕಾರ ಅವರ ಕೈಯಲ್ಲಿ ಆಗಲೇ ಇತ್ತು. ನಡುವಿನಲ್ಲಿ ಮುರಿದಂತೆ ಕೋನ ಇರುವ ಅಡುಗೆ ಗಡಿಗೆ, ಗುಬುಟು ಇರುವ ಮುಚ್ಚಳ, ಪಣತಿ. ಹಿಡಿ ಇರುವ ಚಹಾ ಕಪ್, ಚಪ್ಪಟೆ ತಳದ ಹೂಕುಂಡ ಮಾತ್ರ ಬೇಡ ಅಂತ ಬಿಡಿಸಿದೆವು. ಎರೆ ಮಣ್ಣು ಒಂದೇ ಆದರೆ ಒಣಗುವಾಗ ಸೀಳುತ್ತದೆ. ಅವರು ಕೆರೆ ಮಣ್ಣಿಗೆ ಮರಳು, ಬೂದಿ, ಲದ್ದಿ ಬೆರೆಸುತ್ತಾರೆ. ಅದರಲ್ಲಿ ನಾವು ಕೈ ಹಾಕಲಿಲ್ಲ.

ನಿಜವಾದ ಕೆಲಸ ಇದ್ದದ್ದು ಸುಡುವುದರಲ್ಲಿ. ದಕ್ಷಿಣದಲ್ಲಿ ಕಬ್ಬಿಣ ಯುಗದಿಂದ ಸಾತವಾಹನರ ಕಾಲದವರೆಗೂ ಬಂದ ಒಂದು ಬಗೆ ಇದೆ: ಒಳಗೂ ಅಂಚಿನಲ್ಲೂ ಕಪ್ಪು, ಹೊರಗೆ ಕೆಳಭಾಗದಲ್ಲಿ ಕೆಂಪು. ಇದು ಬಳಿದ ಬಣ್ಣ ಅಲ್ಲ. ಬಟ್ಟಲನ್ನು ಬೋರಲು ಹಾಕಿ, ಬಾಯಿಯನ್ನು ಹೊಟ್ಟು-ಬೂದಿಯಲ್ಲಿ ಹೂತರೆ ಒಳಗೆ ಗಾಳಿ ಆಡುವುದಿಲ್ಲ, ಹೊಗೆ ಹಿಡಿದು ಕಪ್ಪಾಗುತ್ತದೆ. ಹೊರಮೈಗೆ ಗಾಳಿ ಸಿಕ್ಕಿ ಮಣ್ಣಿನೊಳಗಿನ ಕಬ್ಬಿಣ ಕೆಂಪಾಗುತ್ತದೆ. ಹೀಗೇ ಸುಡುತ್ತಿದ್ದರು ಅನ್ನುವುದು ಬಹಳ ಜನ ವಿದ್ವಾಂಸರು ಒಪ್ಪುವ ವಿವರಣೆ. ಎರಡು ಸಲ ಸುಡುತ್ತಿದ್ದರು ಅನ್ನುವವರೂ ಇದ್ದಾರೆ. ಕಾಕಾ ಮೊದಲಿನದನ್ನೇ ಒಂದು ಚಿಕ್ಕ ಆವಿಗೆಯಲ್ಲಿ ಮಾಡಿದರು. ಹಾಕುವ ಮುಂಚೆ ಮನೆಯವರು ಕೆಮ್ಮಣ್ಣು ಸವರಿ, ನುಣುಪು ಕಲ್ಲಿನಿಂದ ತಿಕ್ಕಿ ಹೊಳಪು ಬರಿಸಿದರು. ತೆಗೆದಾಗ ಕಪ್ಪು-ಕೆಂಪು ಕೂಡುವ ಕಡೆ ಗೆರೆ ಅಡ್ಡಾದಿಡ್ಡಿ ಇತ್ತು, ಕೆಲವದರಲ್ಲಿ ಬೂದು ಮಚ್ಚೆ. ಸಂಗ್ರಹಾಲಯದ ಬಟ್ಟಲುಗಳಲ್ಲೂ ಹಾಗೇ ಇದೆ. ಅವನ್ನೇ ಆರಿಸಿಕೊಂಡೆವು.

ಇನ್ನೊಂದು ಬಗೆ, ಬಿಳಿ ಗೆರೆಯ ಚಿತ್ತಾರದ ಮೇಲೆ ತೆಳುವಾಗಿ ಕೆಂಗಂದು ಲೇಪ ಇರುವ ಪಾತ್ರೆ. ಬಿಳಿ ಜೇಡಿಯಲ್ಲಿ ಓರೆ ಗೆರೆ, ಜಾಲರಿ ಎಳೆದು ಮೇಲೆ ಕೆಮ್ಮಣ್ಣಿನ ನೀರು ಕೊಟ್ಟರೆ ಗೆರೆ ಒಳಗಿಂದ ಮಸುಕಾಗಿ ಕಾಣುತ್ತದೆ. ಮದುವೆಯ ಐರಾಣಿ ಗಡಿಗೆಗೆ ಚಿತ್ತಾರ ಬರೆದು ಬರೆದು ಪಳಗಿದ ಕೈ ಆ ಮನೆಯ ಅಜ್ಜಿಯದು. ನಮ್ಮ ಚಿತ್ರವನ್ನು ಒಂದು ಸಲ ನೋಡಿ, ಅಳತೆಪಟ್ಟಿ ಇಲ್ಲದೆ ಎಳೆದುಬಿಟ್ಟರು. ಅಚ್ಚಿನ ಮಡಕೆಯಲ್ಲಿ ಈ ಕೈಯ ಓಟ ಬರುವುದೇ ಇಲ್ಲ.

ಪಾತ್ರೆಯೊಳಗೆ ಏನಿಡುತ್ತೀರಿ ಅನ್ನುವುದೂ ಮುಖ್ಯ. ಒಣಮೆಣಸಿನಕಾಯಿ, ಶೇಂಗಾ, ಗೋವಿನಜೋಳ ಇಡಬೇಡಿ. ಅವು ಅಮೆರಿಕದಿಂದ ಬಂದವು, ಪೋರ್ಚುಗೀಸರ ನಂತರ. ಹುರುಳಿ, ಹೆಸರು ಇಡಿ. ಅವು ಈ ಸೀಮೆಯಲ್ಲಿ ನವಶಿಲಾಯುಗದಿಂದಲೂ ಇವೆ.

ಹೋಗುವುದಾದರೆ ದೀಪಾವಳಿ ಮುಗಿದ ಮೇಲೆ ಹೋಗಿ. ಅದಕ್ಕೆ ಮುಂಚೆ ಪಣತಿ, ಬೇಸಿಗೆಯಲ್ಲಿ ನೀರಿನ ಗಡಿಗೆ, ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಅಂತ ಅವರಿಗೆ ಬಿಡುವಿರುವುದಿಲ್ಲ. ಮಳೆಗಾಲದಲ್ಲಿ ಒಣಗುವುದೂ ಇಲ್ಲ. ಸಂತೆ ಗಡಿಗೆಯ ದರಕ್ಕೆ ಚೌಕಾಸಿ ಮಾಡಬೇಡಿ. ಆವಿಗೆಯಲ್ಲಿ ಒಡೆದದ್ದಕ್ಕೂ ಸೇರಿಸಿ ದುಡ್ಡು ಮಾತಾಡಿ, ಸ್ವಲ್ಪ ಮುಂಗಡ ಕೊಡಿ. ಮಣ್ಣು ಹಸಿ ಇರುವಾಗಲೇ ತಳದಲ್ಲಿ ಈ ವರ್ಷವನ್ನು ಕೊರೆಸಿ. ಚೆನ್ನಾಗಿ ಮಾಡಿದ ಪಾತ್ರೆ ಮುಂದೆ ಯಾರದೋ ಕೈಗೆ ಹೋಗಿ, ಉತ್ಖನನದಲ್ಲಿ ಸಿಕ್ಕ ನಿಜವಾದ ಹಳೆಯದು ಅಂತ ಮಾರಾಟವಾಗಬಾರದು.